ಹೊಸ ಕರು ತಂದ ಮೇಲೆ ಮೊದಲ 21 ದಿನ

ಸುಮಾರು ಹನ್ನೆರಡು ವರ್ಷದ ಹಿಂದೆ ನಾನು ಮೊದಲ ಸಲ ಸಂತೆಯಿಂದ ಮೂರು ಹೆಣ್ಣು ಕರು ತಂದೆ. ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ನಾಲ್ಕೈದು ತಿಂಗಳ ಪ್ರಾಯ. ಗಾಡಿ ಮನೆ ಮುಂದೆ ನಿಂತದ್ದೇ ತಡ, ಅವ್ವ ಆರತಿ ಎತ್ತಿ, ಅರಿಶಿನ ಕುಂಕುಮ ಇಟ್ಟು, ಒಂದೊಂದಕ್ಕೂ ಬೊಗಸೆ ಅಕ್ಕಿ ಬೆಲ್ಲ ತಿನ್ನಿಸಿದರು. ಪಕ್ಕದ ಮನೆಯವರು ಬಾಳೆಹಣ್ಣು ತಂದರು. ದೂರದಿಂದ ಬಂದಿವೆ, ಹಸಿದಿರುತ್ತವೆ ಅಂತ ನಾನು ಎರಡೆರಡು ಸೇರು ಬೂಸಕ್ಕೆ ಮೆಕ್ಕೆಜೋಳದ ನುಚ್ಚು ಬೆರೆಸಿ ಇಟ್ಟೆ. ಗಬಗಬನೆ ತಿಂದವು. ನಮಗೆಲ್ಲ ಖುಷಿ.

ಮಾರನೇ ದಿನ ಅವುಗಳಲ್ಲಿ ಒಂದು ಮೇವು ಬಿಟ್ಟಿತು. ಹಲ್ಲು ಕಡಿಯುತ್ತಾ ನಿಂತಿತು. ಆಮೇಲೆ ಹುಳಿ ವಾಸನೆಯ ನೀರು ಭೇದಿ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಹೋಗಿತ್ತು. ಹಿಂದಿನ ಸಂಜೆ ಬಂದು ಸೂಜಿ ಹಾಕಿದ್ದ ಡಾಕ್ಟರು ಗೋದಲಿಯಲ್ಲಿ ಉಳಿದಿದ್ದ ನುಚ್ಚು ನೋಡಿ, "ಇದಕ್ಕೆ ಕಾಯಿಲೆ ಬಂದಿಲ್ಲ ಕಣ್ರೀ, ಉಪಚಾರ ಜಾಸ್ತಿ ಆಗಿದೆ" ಅಂದಿದ್ದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ತಂದ ಕರುಗಳಿಗೆಲ್ಲ ನಾನು ಮೊದಲ ದಿನ ಕೊಡುವುದು ನೀರು, ಒಣ ಹುಲ್ಲು, ನೆರಳು, ಮತ್ತೆ ಒಂದಿಷ್ಟು ನೆಮ್ಮದಿ. ಈ ಬರಹದ ಮುಕ್ಕಾಲು ಭಾಗ ಇಷ್ಟನ್ನೇ ಬಿಡಿಸಿ ಹೇಳುವುದು.

ಕರು ತರುವ ಮುಂಚೆ ಜಾಗ

ಕರುವಿಗೆ ದುಡ್ಡು ಹೊಂದಿಸುವ ಮೊದಲು ಜಾಗ ಹೊಂದಿಸಿ. ಮನೆಯ ದನ ಕಟ್ಟುವ ಕೊಟ್ಟಿಗೆಯಲ್ಲೇ ಒಂದು ಮೂಲೆ ಕೊಟ್ಟರೆ ಆಗುವುದಿಲ್ಲ. ಕನಿಷ್ಠ 30 ಅಡಿ ದೂರ ಇರಬೇಕು, ಬೇರೆ ಗೋದಲಿ, ಬೇರೆ ಬಕೆಟ್, ಬೇರೆ ಪೊರಕೆ ಇರಬೇಕು. ಕೊರೊನಾ ಕಾಲದಲ್ಲಿ ಕ್ವಾರಂಟೈನ್ ಅನ್ನುವುದನ್ನು ನಾವೆಲ್ಲ ಅನುಭವಿಸಿ ಕಲಿತಿದ್ದೇವಲ್ಲ, ಅದೇ ಲೆಕ್ಕ. ಕಾಲುಬಾಯಿ ಜ್ವರ ಸೋಂಕು ತಗುಲಿ 2ರಿಂದ 14 ದಿನಕ್ಕೆ ಕಾಣಿಸಿಕೊಳ್ಳಬಹುದು. ಚರ್ಮಗಂಟು ರೋಗ ನಾಲ್ಕು ವಾರದವರೆಗೂ ಒಳಗೇ ಕೂತಿರಬಹುದು. ದನದ ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಥೈಲೇರಿಯಾ ಜ್ವರ ಸಾಮಾನ್ಯವಾಗಿ ಎರಡನೇ, ಮೂರನೇ ವಾರದಲ್ಲಿ ಹೊರಗೆ ಬರುತ್ತದೆ. ಅಂದರೆ ಸಂತೆಯಲ್ಲಿ ಚೆಂಡಿನ ಹಾಗೆ ಪುಟಿಯುತ್ತಿದ್ದ ಕರು ಒಳಗೆ ರೋಗ ಹೊತ್ತೇ ಬಂದಿರಬಹುದು. ಅದಕ್ಕೇ ಕನಿಷ್ಠ 21 ದಿನ. ಸುತ್ತಮುತ್ತ ಚರ್ಮಗಂಟು ರೋಗದ ಸುದ್ದಿ ಇದ್ದರೆ 28 ದಿನ. 2022ರಲ್ಲಿ ಆ ರೋಗ ಹಬ್ಬಿ ನಮ್ಮ ರಾಜ್ಯದಲ್ಲಿ ದನಗಳ ಜಾತ್ರೆಗಳನ್ನೇ ನಿಲ್ಲಿಸಬೇಕಾಗಿ ಬಂದದ್ದು ನೆನಪಿರಬಹುದು.

ಒಂದು ಕರುವಿಗೆ ಸೂರಿನಡಿ 20 ಚದರ ಅಡಿ ಇದ್ದರೆ ಸಾಕು, ಹೊರಗೆ ಓಡಾಡಲು ಬಿದಿರು ಗಳದ ಬೇಲಿಯೊಳಗೆ ಅದರ ಎರಡರಷ್ಟು ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಮೂರು ಕಡೆ ಗಾಳಿ ಆಡಬೇಕು, ಆದರೆ ಮಲಗಿದ ಕರುವಿನ ಮೈಮೇಲೆ ನೇರ ಗಾಳಿ ಬೀಸಬಾರದು. ನೆಲ ಗಾರೆಯದಾದರೆ ರಾಗಿ ಹುಲ್ಲು, ಭತ್ತದ ಹೊಟ್ಟು, ಮಲೆನಾಡಾದರೆ ಒಣ ದರಗು, ಏನು ಸಿಗುತ್ತದೋ ಅದನ್ನು ಗೇಣು ದಪ್ಪ ಹಾಸಿ. ಹಾಸು ಒಣಗಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ: ಅದರ ಮೇಲೆ ಅರ್ಧ ನಿಮಿಷ ಮಂಡಿಯೂರಿ ಕೂರಿ. ಪ್ಯಾಂಟೋ ಪಂಚೆಯೋ ಒದ್ದೆಯಾದರೆ ಬದಲಾಯಿಸಬೇಕು ಅಂತ ಅರ್ಥ. ಕೂತಾಗಲೇ ಮೂಗಿಗೆ ಗಂಜಲದ ಘಾಟು ಹೊಡೆದರೆ ಕರು ದಿನವಿಡೀ ಉಸಿರಾಡುವುದು ಅದೇ ಗಾಳಿಯನ್ನು. ನಾವು ನಿಂತು ನೋಡುವವರು, ನಮಗೆ ಆ ಘಾಟು ತಿಳಿಯುವುದಿಲ್ಲ.

ಹಿಂದೆ ಅಲ್ಲಿ ದನ ಕಟ್ಟಿದ್ದರೆ ಸಗಣಿ ಕೆರೆದು, ತೊಳೆದು, ವಾಷಿಂಗ್ ಸೋಡಾ ಲೀಟರಿಗೆ 40 ಗ್ರಾಂನಂತೆ ಕರಗಿಸಿ ನೆಲ, ಗೋದಲಿಗೆ ಹಾಕಿ. ಕಾಲುಬಾಯಿ ಜ್ವರದ ವೈರಸ್‌ಗೆ ಇದು ಅಗ್ಗದ, ಒಳ್ಳೆಯ ಮದ್ದು. ಒಣಗಿದ ಮೇಲೆ ಗೋಡೆಗೆ, ಸಂದುಗೊಂದಿಗೆಲ್ಲ ಸುಣ್ಣ ಬಳಿಯಿರಿ. ಉಣ್ಣೆ ಮೊಟ್ಟೆಯಿಡುವುದು ಗೋಡೆಯ ಬಿರುಕಿನಲ್ಲಿ, ದನದ ಮೈಮೇಲಲ್ಲ.

ಕೊಳ್ಳುವಾಗ

ಒಂದೇ ಕರು ತರುವುದಕ್ಕಿಂತ ಎರಡು ತರುವುದು ಮೇಲು. ಒಂಟಿ ಕರು ರಾತ್ರಿಯಿಡೀ ಅಂಬಾ ಅನ್ನುತ್ತಾ ಬೇಲಿ ಸುತ್ತುತ್ತದೆ, ಮೇವು ಮುಟ್ಟುವುದಿಲ್ಲ. ಹಾಗೆಯೇ ಎರಡನ್ನೂ ಒಂದೇ ಮನೆಯಿಂದ ತಂದರೆ ಬಹಳ ಅನುಕೂಲ. ನಾಲ್ಕು ಊರಿನ ನಾಲ್ಕು ಕರು ಒಟ್ಟಿಗೆ ಸೇರಿಸಿದರೆ ನಾಲ್ಕು ಊರಿನ ರೋಗವನ್ನೂ ಸೇರಿಸಿದ ಹಾಗೆ.

ಪ್ರಾಯ ನಾಲ್ಕರಿಂದ ಆರು ತಿಂಗಳು ಇರಲಿ. ಗಿಣ್ಣು ಹಾಲಿನಿಂದ ತಾಯಿ ಕೊಟ್ಟ ರೋಗನಿರೋಧಕ ಶಕ್ತಿ ಒಂದೆರಡು ತಿಂಗಳಲ್ಲಿ ಕರಗುತ್ತಾ ಬರುತ್ತದೆ, ಕರುವಿನ ಸ್ವಂತದ್ದು ಆಗ ತಾನೇ ಬೆಳೆಯುತ್ತಿರುತ್ತದೆ. ಆ ಸಂದಿಯಲ್ಲಿ ಜಾಗ ಬದಲಾಯಿಸಿದರೆ ತಡೆದುಕೊಳ್ಳುವುದು ಕಷ್ಟ. ಹಾಲು ಬಿಟ್ಟು ಕನಿಷ್ಠ ಎರಡು ವಾರ ಆಗಿರುವ, ಹುಲ್ಲು ಮೆಲುಕು ಹಾಕುವ ಕರುವನ್ನೇ ಕೇಳಿ. ಹಲ್ಲು ನೋಡಿ ಇಷ್ಟು ಎಳೆ ಕರುವಿನ ಪ್ರಾಯ ಹೇಳಲಾಗದು. ಹಾಲುಹಲ್ಲು ಮೊದಲ ತಿಂಗಳಲ್ಲೇ ಬಂದುಬಿಟ್ಟಿರುತ್ತವೆ, ಮೊದಲ ಜೋಡಿ ಬೀಳುವುದು ಎರಡು ವರ್ಷ ದಾಟಿದ ಮೇಲೆ. ಹಾಗಾಗಿ ಗಿಣ್ಣು ಯಾವಾಗ ಮುಗಿಯಿತು, ಡೈರಿಗೆ ಹಾಲು ಹಾಕಲು ಶುರು ಮಾಡಿದ್ದು ಯಾವಾಗ ಅಂತ ಸುತ್ತಿ ಬಳಸಿ ಕೇಳಬೇಕು. ದಲ್ಲಾಳಿಯನ್ನಲ್ಲ, ಮನೆಯ ಹೆಂಗಸರನ್ನು ಕೇಳಿ. ಹಾಲು ಕರೆಯುವವರಿಗೆ ತಾರೀಖು ಗೊತ್ತಿರುತ್ತದೆ.

ನಮ್ಮ ಕಡೆ ಒಂದು ಅಭ್ಯಾಸ ಇದೆ. ಸುಳಿ ನೋಡುವುದಕ್ಕೆ ಅರ್ಧ ಗಂಟೆ ಕೊಡುವವರು ಬಾಲ ಎತ್ತಿ ನೋಡುವುದಕ್ಕೆ ಅರ್ಧ ನಿಮಿಷ ಕೊಡುವುದಿಲ್ಲ. ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವ ಮೊದಲು ಬಾಲ ಎತ್ತಿ. ಹಿಂಭಾಗದಲ್ಲಿ, ತೊಡೆಯಲ್ಲಿ ಒಣಗಿದ ಭೇದಿಯ ಕಲೆ ಇದೆಯಾ? ಹೊಕ್ಕುಳ ಹತ್ತಿರ ಕೈ ಇಟ್ಟರೆ ಗಟ್ಟಿ ಗಂಟು, ನೋವು ಇದೆಯಾ? ಮಂಡಿ ಊದಿದೆಯಾ? ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ; ನಸುಗೆಂಪು ಇರಬೇಕು, ಬಿಳಿಚಿಕೊಂಡಿದ್ದರೆ ಜಂತುವೋ ಉಣ್ಣೆಯೋ ರಕ್ತ ಹೀರಿವೆ. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ತಕ್ಷಣ ಮೊದಲಿನಂತಾಗಬೇಕು. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ನಿಂತರೆ ಮೈಯಲ್ಲಿ ನೀರಿಲ್ಲ. ಕೆಚ್ಚಲ ಜಾಗದಲ್ಲಿ ನಾಲ್ಕು ಮೊಲೆ ಸರಿಯಾಗಿವೆಯಾ ಎಣಿಸಿ. ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಇದು ಅವಳಿಯಾ? ಹೋರಿ ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಹತ್ತರಲ್ಲಿ ಒಂಬತ್ತು ಪಾಲು ಗಬ್ಬ ಕಟ್ಟುವುದಿಲ್ಲ. ನೋಡಲು ಲಕ್ಷಣವಾಗಿರುತ್ತದೆ, ಮೂರು ವರ್ಷ ಸಾಕಿದ ಮೇಲೆ ತಿಳಿಯುತ್ತದೆ.

ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದ್ದರೆ ಅಂಕಿ ಬರೆದುಕೊಳ್ಳಿ. ಊರಿನ ಪಶು ಆಸ್ಪತ್ರೆಯಲ್ಲಿ ಆ ಅಂಕಿಯಿಂದ ಹಿಂದೆ ಹಾಕಿದ ಲಸಿಕೆ ನೋಡಿಸಬಹುದು, ಮಾಲೀಕರ ಹೆಸರನ್ನೂ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ವಿಮೆ ಮಾಡಿಸುವುದಾದರೂ ಓಲೆ ಬೇಕೇ ಬೇಕು. ಎಷ್ಟು ಪ್ರಾಯದಿಂದ ವಿಮೆ ಕೊಡುತ್ತಾರೆ, ಮೊದಲ ವಾರಗಳಲ್ಲಿ ಸತ್ತರೆ ಹಣ ಬರುತ್ತದಾ ಅನ್ನುವುದನ್ನು ಸಹಿ ಹಾಕುವ ಮುಂಚೆ ಕೇಳಿ.

ಕೊನೆಯಲ್ಲಿ, ಕರುವಿನ ಜೊತೆಗೆ ಅದು ಇಲ್ಲಿವರೆಗೆ ತಿನ್ನುತ್ತಿದ್ದ ಮೇವು ಒಂದು ಹೊರೆ, ತಿಂಡಿ (ಹಿಂಡಿ, ಬೂಸ, ನುಚ್ಚಿನಂಥದ್ದು) ನಾಲ್ಕೈದು ಕೆ.ಜಿ. ಕೊಂಡುಕೊಂಡು ಬನ್ನಿ. ಮಾರುವವರು ನಗಬಹುದು. ನಗಲಿ.

ಗಾಡಿಯಲ್ಲಿ

ಬಿಸಿಲು ಕಾಲದಲ್ಲಿ ರಾತ್ರಿ ಹೊರಟು ಬೆಳಗಾಗುವಾಗ ಮನೆ ಸೇರುವ ಹಾಗೆ ನೋಡಿಕೊಳ್ಳಿ. ಬೆಳಕಿನಲ್ಲಿ ಇಳಿದ ಕರು ಹೊಸ ಜಾಗ, ನೀರು, ಗೋದಲಿ ಎಲ್ಲಿವೆ ಅಂತ ನೋಡಿಕೊಳ್ಳುತ್ತದೆ. ಕತ್ತಲಲ್ಲಿ ಇಳಿದದ್ದು ಹೆದರಿ ಬೇಲಿಗೆ ನುಗ್ಗುತ್ತದೆ. ಪಿಕಪ್ಪಿನ ತಗಡಿನ ಮೇಲೆ ಮರಳು, ಅದರ ಮೇಲೆ ಹುಲ್ಲು ಹಾಸಿ, ಜಾರಬಾರದು. ಕಾಲು ಕಟ್ಟಬೇಡಿ. ಕತ್ತಿಗೆ ಜೀರುಗುಣಿಕೆ ಖಂಡಿತ ಬೇಡ. ಗಾಡಿ ಬ್ರೇಕ್ ಹಾಕಿ ಕರು ಬಿದ್ದರೆ ಅದೇ ಉರುಳಾಗುತ್ತದೆ. ಎಳೆದರೂ ಬಿಗಿಯಾಗದ ಗಂಟು ಹಾಕಿ. ಹೊರಡುವ ಮುಂಚೆ ನೀರು, ಸ್ವಲ್ಪ ಒಣ ಹುಲ್ಲು ಸಾಕು, ಹಸಿ ಮೇವು, ತಿಂಡಿ ಬೇಡ.

ಕಾಗದದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ದನ ಸಾಗಿಸುವಾಗ ಪ್ರಯಾಣಕ್ಕೆ ಯೋಗ್ಯ ಅನ್ನುವ ಪಶುವೈದ್ಯರ ಪ್ರಮಾಣಪತ್ರ ಇರಬೇಕು ಅಂತ 1978ರ ಸಾಗಾಟ ನಿಯಮವೇ ಹೇಳುತ್ತದೆ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ದಾರಿಯಲ್ಲಿ ತಡೆದು ಕೇಳುವುದೂ ಹೆಚ್ಚಾಗಿದೆ. ಕೊಂಡ ಚೀಟಿ, ಮಾರಿದವರ ಸಹಿ, ಡಾಕ್ಟರ ಪತ್ರ ಕೈಯಲ್ಲಿರಲಿ, ಬೇರೇನು ಬೇಕು ಅಂತ ಕೊಳ್ಳುವ ಊರಿನ ಪಶು ಆಸ್ಪತ್ರೆಯಲ್ಲೇ ಕೇಳಿ ಮಾಡಿಸಿಕೊಳ್ಳಿ. ದಾಖಲೆ ಇಲ್ಲದೆ ಗಾಡಿ ಮೂರು ತಾಸು ಬಿಸಿಲಲ್ಲಿ ನಿಂತರೆ ದಂಡ ಕಟ್ಟುವವರು ನೀವು, ಸುಸ್ತಾಗುವುದು ಕರು.

ಇಳಿಸಿದ ದಿನ

ಗಾಡಿಯಿಂದ ಹಾರಿಸಬೇಡಿ. ಮಣ್ಣಿನ ದಿಬ್ಬಕ್ಕೆ ಹಿಂಬದಿ ತಾಗಿಸಿ ನಿಲ್ಲಿಸಿ, ಇಲ್ಲವೇ ಹಲಗೆ ಹಾಕಿ, ತಾನಾಗಿ ಇಳಿಯಲಿ. ಬಾಲ ತಿರುಚುವುದು, ಹೋ ಅನ್ನುವುದು ಬೇಡ. ಒಳಗೆ ಬಿಟ್ಟ ಮೇಲೆ ಹಗ್ಗ ಬಿಚ್ಚಿ, ಮೊದಲ ರಾತ್ರಿ ಕಟ್ಟದೇ ಬಿಡುವುದೇ ಕ್ಷೇಮ. ಆರತಿ ಎತ್ತಲೇಬೇಕು ಅಂದರೆ ಎತ್ತಿ, ನಮ್ಮ ಮನೆಯಲ್ಲಿ ಈಗಲೂ ಎತ್ತುತ್ತಾರೆ. ಪ್ರಸಾದ ಮಾತ್ರ ಮಕ್ಕಳಿಗೆ ಹೋಗುತ್ತದೆ, ಕರುವಿಗಲ್ಲ.

ಮೊದಲು ನೀರು. ನಾಲ್ಕು ತಿಂಗಳ ಕರು ದಿನಕ್ಕೆ ಹತ್ತಿರ ಹತ್ತಿರ 6ರಿಂದ 10 ಲೀಟರ್ ಕುಡಿಯುತ್ತದೆ, ಪ್ರಯಾಣದಲ್ಲಿ ಅದರ ಮೈಯಿಂದ ಹೋಗಿರುವುದು ಬಹುಪಾಲು ನೀರೇ. ಆದರೆ ಬಾಯಾರಿ ಬಂದದ್ದಕ್ಕೆ ತೊಟ್ಟಿ ತುಂಬಾ ಇಟ್ಟರೆ ಒಂದೇ ಉಸಿರಿಗೆ ಹೊಟ್ಟೆ ತುಂಬಿಸಿಕೊಂಡು ನಡುಗುತ್ತದೆ. ಒಂದೆರಡು ಲೀಟರ್ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ಅಷ್ಟು. ಔಷಧಿ ಅಂಗಡಿಯಲ್ಲಿ ಸಿಗುವ ದನಗಳ ಎಲೆಕ್ಟ್ರೋಲೈಟ್ ಪುಡಿ ಬೆರೆಸಿದರೆ ಒಳ್ಳೆಯದು. ಇಲ್ಲದಿದ್ದರೆ ಮನುಷ್ಯರ ಓಆರ್‌ಎಸ್ ಪೊಟ್ಟಣವನ್ನೇ ಒಂದು ಲೀಟರಿಗೆ ಒಂದರಂತೆ ಕದಡಿ ಕೊಡಿ. ಎರಡನೇ ಗಂಟೆಯಿಂದ ಸಾದಾ ನೀರು ಯಾವಾಗಲೂ ಎದುರಿಗಿರಲಿ. ಕೆಲವು ಕರುಗಳಿಗೆ ಬಕೆಟ್ ಅಂದರೇನು ಅಂತಲೇ ಗೊತ್ತಿರುವುದಿಲ್ಲ, ಕೆರೆಯಲ್ಲೋ ಕಲ್ಲುಬಾನಿಯಲ್ಲೋ ಕುಡಿದು ಬೆಳೆದಿರುತ್ತವೆ. ಕೈ ಅದ್ದಿ ಮೂತಿಗೆ ಸವರಿ, ನೀರಿಗೆ ಚಿಟಿಕೆ ಉಪ್ಪು ಹಾಕಿ ನೋಡಿ. ನಮ್ಮಲ್ಲಿ ಒಂದು ಕರು ನೀಲಿ ಬಕೆಟ್ ಕಂಡರೆ ಹಿಂದೆ ಸರಿಯುತ್ತಿತ್ತು, ಹಳೆ ಅಲ್ಯೂಮಿನಿಯಂ ಬೋಗುಣಿಯಲ್ಲಿ ಇಟ್ಟ ಕೂಡಲೇ ಕುಡಿಯಿತು.

ನೀರಾದ ಮೇಲೆ ಒಣ ಹುಲ್ಲು. ಮಾರಿದವರಲ್ಲಿ ತಂದದ್ದೇ ಇರಲಿ. ಆ ದಿನ ತಿಂಡಿ ಇಲ್ಲ, ಹಸಿ ಮೇವೂ ಬೆರಳೆಣಿಕೆಯಷ್ಟೇ. ಆಮೇಲೆ ಎಲ್ಲರೂ ದೂರ ಹೋಗಿ. ಅಕ್ಕಪಕ್ಕದವರು, ಮಕ್ಕಳು ಒಬ್ಬೊಬ್ಬರಾಗಿ ಬಂದು ಮೈ ಮುಟ್ಟಿ ನೋಡುವುದನ್ನು ಎರಡು ದಿನ ತಡೆಯಿರಿ. ಕರು ಮಲಗಿ ಮೆಲುಕು ಹಾಕಲು ಶುರು ಮಾಡಿದರೆ ಅರ್ಧ ಗೆದ್ದಂತೆ. ಮೆಲುಕು ಹಾಕುವುದು ನೆಮ್ಮದಿಯ ಗುರುತು, ಹೆದರಿದ ದನ ಮೆಲುಕು ಹಾಕುವುದಿಲ್ಲ.

ಮೇವು ಏರಿಸುವ ಲೆಕ್ಕ

ನಾನು ಕಳೆದುಕೊಂಡ ಕರುವಿಗೆ ಏನಾಯಿತು ಅಂತ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ದನದ ದೊಡ್ಡ ಹೊಟ್ಟೆಯಲ್ಲಿ ಮೇವನ್ನು ಹುದುಗಿಸುವುದು ಕಣ್ಣಿಗೆ ಕಾಣದ ಜೀವಿಗಳು. ಹುಲ್ಲಿಗೆ ಒಗ್ಗಿದ ಜೀವಿಗಳೇ ಬೇರೆ, ಹಿಟ್ಟು ನುಚ್ಚಿಗೆ ಒಗ್ಗಿದವೇ ಬೇರೆ. ಒಂದು ಗುಂಪು ಹೋಗಿ ಇನ್ನೊಂದು ನೆಲೆಯೂರಲು ಎರಡು ಮೂರು ವಾರ ಬೇಕು. ಅದಕ್ಕೆ ಮೊದಲೇ ನುಚ್ಚು, ಅಕ್ಕಿ, ಬೆಲ್ಲ ಸುರಿದರೆ ಹೊಟ್ಟೆಯೊಳಗೆ ಎಲ್ಲ ಹುಳಿಯಾಗುತ್ತದೆ, ಆ ಹುಳಿ ರಕ್ತಕ್ಕೆ ಸೇರಿ ಕರು ಕುಸಿಯುತ್ತದೆ. ದಾರಿಯಲ್ಲಿ ಒಂದು ದಿನ ಉಪವಾಸ ಇದ್ದ ಕರುವಿಗೆ ಇದು ಇನ್ನೂ ಬೇಗ ಆಗುತ್ತದೆ.

ಆದ್ದರಿಂದ ಎರಡನೇ ದಿನ ಒಂದು ಹಿಡಿ, ಅಂದರೆ ನೂರು ಗ್ರಾಂ ತಿಂಡಿ ಹುಲ್ಲಿನ ಮೇಲೆ ಉದುರಿಸಿ. ತಿಂದು ಸಗಣಿ ಗಟ್ಟಿಯಾಗಿದ್ದರೆ ಎರಡು ದಿನಕ್ಕೊಮ್ಮೆ ನೂರು ಗ್ರಾಂ ಏರಿಸಿ. ಮೂರನೇ ವಾರದ ಕೊನೆಗೆ ದಿನಕ್ಕೆ ಒಂದು ಕೆ.ಜಿ. ಮುಟ್ಟಿದರೆ ಸಾಕು, ಅದನ್ನೂ ಎರಡು ಹೊತ್ತಿಗೆ ಹಂಚಿ. ಸಗಣಿ ತೆಳುವಾದ ದಿನ ಏರಿಸುವುದು ಬೇಡ, ಹಿಂದಿನ ಅಳತೆಗೆ ಇಳಿಯಿರಿ. ಕರುಗಳಿಗೆ ಅಂತಲೇ ಬರುವ ಕಾಫ್ ಸ್ಟಾರ್ಟರ್ ಹಿಂಡಿ ಕೊಡಿ. ಹಾಲು ಕೊಡುವ ಹಸುವಿನ ಪಶು ಆಹಾರದ ಚೀಲದಿಂದಲೇ ತೆಗೆದು ಕೊಡುವುದು ನಮ್ಮಲ್ಲಿ ಮಾಮೂಲು. ಕೆಲವು ಚೀಲಗಳಲ್ಲಿ ಯೂರಿಯಾ ಇರುತ್ತದೆ, ಆರು ತಿಂಗಳೊಳಗಿನ ಕರುವಿಗೆ ಅದು ಸಲ್ಲದು. ಚೀಲದ ಮೇಲೆ ಬರೆದದ್ದು ಓದಿ. ಖನಿಜ ಮಿಶ್ರಣ ದಿನಕ್ಕೆ ಹತ್ತು ಹದಿನೈದು ಗ್ರಾಂ ಸೇರಿಸಿದರೆ ಆಯಿತು.

ಹಸಿ ಮೇವನ್ನು ನಾಲ್ಕನೇ ದಿನದಿಂದ ಕತ್ತರಿಸಿ, ಒಣ ಹುಲ್ಲಿನ ಜೊತೆ ಬೆರೆಸಿ. ಸೀಮೆಹುಲ್ಲು, ಮುಸುಕಿನ ಜೋಳ ಯಾವುದಾದರೂ ಸರಿ. ಅಲಸಂದೆ, ಕುದುರೆಮೆಂತ್ಯ ಬೆಳಗಿನ ಮಂಜಿನಲ್ಲಿ ಕುಯ್ದು ತಂದು ಹಾಗೇ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ, ಬಿಸಿಲಿಗೆ ಬಾಡಿಸಿ ಕೊಡಿ. ಬಿಳಿ ಜೋಳದ ಎಳೆ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ, ಮಳೆ ಕೈಕೊಟ್ಟು ಸೊರಗಿದ ಜೋಳ ಮೂರೂ ವಿಷ. ಅದರಲ್ಲಿ ಸಯನೈಡ್ ಹುಟ್ಟುತ್ತದೆ, ಅರ್ಧ ಗಂಟೆಯಲ್ಲಿ ದನ ಬೀಳಬಹುದು. ಹೂ ಬಂದ ಮೇಲಷ್ಟೇ ಕೊಯ್ಯಿರಿ. ಮನೆಯ ಕಲಗಚ್ಚು, ಮಿಕ್ಕಿದ ಅನ್ನ, ಹಬ್ಬದ ಪಾಯಸ? ಈ ಮೂರು ವಾರ ಬೇಡವೇ ಬೇಡ. ಆಮೇಲೂ ಬೇಡ ಅನ್ನುವುದು ನನ್ನ ಅಭಿಪ್ರಾಯ, ಆದರೆ ಅದಕ್ಕೆ ಮನೆಯಲ್ಲಿ ಒಪ್ಪಿಸುವುದು ನನ್ನ ಕೈಲೂ ಆಗಿಲ್ಲ.

ಬೆಳಿಗ್ಗೆ ಸಂಜೆ ಐದು ನಿಮಿಷ

ಒಂದು ನೋಟ್‌ಬುಕ್ಕು, ಒಂದು ಥರ್ಮಾಮೀಟರ್. ಹೊಸ ಕರುವಿಗೆ ಬೇಕಾದ ಮುಖ್ಯ ಔಷಧಿ ಇವೆರಡೇ. ಥರ್ಮಾಮೀಟರಿಗೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಕ್ಲಿಪ್ಪು ಹಾಕಿ ಬಾಲದ ಕೂದಲಿಗೆ ಸಿಕ್ಕಿಸಿ, ಇಲ್ಲದಿದ್ದರೆ ಸಗಣಿಯ ಜೊತೆ ನೆಲಕ್ಕೆ ಬಿದ್ದು ಒಡೆಯುತ್ತದೆ. ತುದಿಗೆ ಎಣ್ಣೆ ಸವರಿ ಗುದದ್ವಾರದೊಳಗೆ ಒಂದು ನಿಮಿಷ. ಕರುವಿಗೆ 101.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಏರುವುದರಿಂದ ದಿನಾ ಬೆಳಿಗ್ಗೆ ತಂಪು ಹೊತ್ತಿನಲ್ಲೇ ನೋಡಿ. 103 ದಾಟಿದರೆ ಸಂಜೆ ಮತ್ತೆ ನೋಡಬೇಕು. 104 ಮುಟ್ಟಿದರೆ ಕಾಯುವ ಮಾತಿಲ್ಲ, ಡಾಕ್ಟರಿಗೆ ಫೋನ್. ಹತ್ತಿರ ಆಸ್ಪತ್ರೆ ಇಲ್ಲದ ಊರಿನವರು 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಜ್ವರ ಕಾಣುವ ಮುಂಚೆ ಕರುವಿನ ನಡೆ ಬದಲಾಗಿರುತ್ತದೆ. ಗೋದಲಿಗೆ ಎಲ್ಲಕ್ಕಿಂತ ಕೊನೆಗೆ ಬರುವ ಕರು, ಬಂದರೂ ಮೂಸಿ ಸುಮ್ಮನೆ ನಿಲ್ಲುವ ಕರು, ಕಿವಿ ಜೋತುಹಾಕಿದ್ದು, ಎಬ್ಬಿಸಿದರೆ ಮೈ ಮುರಿಯದೆ ಎದ್ದದ್ದು. ಆರೋಗ್ಯದ ಕರು ಎದ್ದ ಕೂಡಲೇ ಬೆನ್ನು ನಿಗುರಿಸಿ ಮೈ ಮುರಿಯುತ್ತದೆ, ಗಮನಿಸಿ ನೋಡಿ. ಮೂಗಿನಲ್ಲಿ ತಿಳಿನೀರು ಇದ್ದರೆ ಚಿಂತೆ ಇಲ್ಲ, ಹಳದಿ ಸಿಂಬಳ ಸುರಿದರೆ ಇದೆ. ಮಲಗಿದ್ದಾಗ ಪಕ್ಕೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 40 ದಾಟಿ, ಕತ್ತು ಚಾಚಿ, ಮುಂಗಾಲ ಮೊಣಕೈ ಹೊರಕ್ಕೆ ತಿರುಗಿಸಿ ಉಸಿರಾಡುತ್ತಿದ್ದರೆ ಶ್ವಾಸಕೋಶಕ್ಕೆ ಇಳಿದಿದೆ. ಪ್ರಯಾಣದ ನ್ಯುಮೋನಿಯಾ ಬಹುತೇಕ ಮೊದಲ ಎರಡು ವಾರದಲ್ಲೇ ಬರುತ್ತದೆ. ಮೊದಲ ದಿನವೇ ಹಿಡಿದರೆ ಗುಣವಾಗುತ್ತದೆ, ನಾಲ್ಕನೇ ದಿನ ಹಿಡಿದದ್ದು ಬದುಕಿದರೂ ಸೊರಗಿಕೊಂಡೇ ಇರುತ್ತದೆ.

ಎರಡನೇ ವಾರದಿಂದ ಭುಜದ ಮುಂದೆ, ಕಿವಿಯ ಕೆಳಗೆ ಕೈಯಾಡಿಸುವ ರೂಢಿ ಮಾಡಿಕೊಳ್ಳಿ. ಅಲ್ಲಿ ನಿಂಬೆ ಗಾತ್ರದ ಗಂಟು ಸಿಕ್ಕಿ, 105 ಜ್ವರ ಇದ್ದರೆ ಥೈಲೇರಿಯಾ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಉಣ್ಣೆಯಿಂದ ಬರುವ ಇನ್ನೊಂದು ಜ್ವರ, ಬೇಬಿಸಿಯಾ. ಎರಡಕ್ಕೂ ಬೇರೆ ಬೇರೆ ಮದ್ದು ಇದೆ, ಊಹೆಯ ಮೇಲೆ ಆಂಟಿಬಯಾಟಿಕ್ ಸೂಜಿ ಹಾಕಿಸಿ ದಿನ ಕಳೆಯಬೇಡಿ.

ಗೊಟ್ಟ

ಇದಕ್ಕೆ ಬೇರೆ ತಲೆಬರಹವನ್ನೇ ಕೊಟ್ಟಿದ್ದೇನೆ. ಹೊಟ್ಟೆ ಉಬ್ಬಿದೆ, ಮೇವು ಬಿಟ್ಟಿದೆ ಅಂದ ತಕ್ಷಣ ನಮ್ಮ ಊರುಗಳಲ್ಲಿ ಇಬ್ಬರು ಕರುವಿನ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿದು, ನಾಲಿಗೆ ಹೊರಗೆಳೆದು, ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಕಷಾಯ ಹುಯ್ಯುತ್ತಾರೆ. ತಲೆ ಅಷ್ಟು ಎತ್ತಿದಾಗ, ನಾಲಿಗೆ ಹಿಡಿದಾಗ ಕರು ನುಂಗಲಾರದು. ಹೊಯ್ದದ್ದರಲ್ಲಿ ಒಂದು ಪಾಲು ನೇರ ಶ್ವಾಸಕೋಶಕ್ಕೆ. ಎಣ್ಣೆ ಅಲ್ಲಿಗೆ ಹೋದರೆ ಹೊರಗೆ ತರುವ ದಾರಿ ಇಲ್ಲ. ಕಾಯಿಲೆಯಿಂದ ಬದುಕಬಹುದಾಗಿದ್ದ ಕರು ಮದ್ದಿನಿಂದ ಸತ್ತದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಕುಡಿಸಲೇಬೇಕಾದರೆ ತಲೆ ಬೆನ್ನಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ನಾಲಿಗೆ ಹಿಡಿಯಬಾರದು, ಬಾಯಿಯ ಪಕ್ಕದಿಂದ ಗುಟುಕು ಗುಟುಕಾಗಿ ಬಿಡಬೇಕು, ಕೆಮ್ಮಿದರೆ ತಕ್ಷಣ ತಲೆ ಬಿಡಬೇಕು.

ಜಂತು, ಉಣ್ಣೆ, ಲಸಿಕೆ

ಬಂದ ದಿನವೇ ಎಲ್ಲ ಮುಗಿಸುವ ಆತುರ ಬೇಡ. ಜಂತಿನ ಔಷಧಿ ಕರು ಸರಿಯಾಗಿ ತಿನ್ನಲು ಶುರು ಮಾಡಿದ ಮೇಲೆ, ನಾಲ್ಕನೇ ಐದನೇ ದಿನಕ್ಕೆ. ಸಗಣಿಯನ್ನು ಬೆಂಕಿಪೊಟ್ಟಣದಷ್ಟು ತೆಗೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ತೋರಿಸಿದರೆ ಯಾವ ಜಂತು ಅಂತ ನೋಡಿ ಔಷಧಿ ಬರೆಯುತ್ತಾರೆ. ಪ್ರಮಾಣ ತೂಕದ ಮೇಲೆ. ತೂಕದ ಯಂತ್ರ ಬೇಡ, ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ, ಭುಜದ ಮೂಳೆಯಿಂದ ಹಿಂಬದಿಯ ಮೂಳೆವರೆಗೆ ಉದ್ದ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ ಸಿಗುತ್ತದೆ. ಸುತ್ತಳತೆ 36, ಉದ್ದ 34 ಇದ್ದ ಕರು ಸುಮಾರು 67 ಕೆ.ಜಿ.

ಉಣ್ಣೆಗೆ ಸಿಂಪಡಿಸುವ ಔಷಧಿ ವಿಷ ಅನ್ನುವುದು ಮರೆಯಬೇಡಿ. ಡಾಕ್ಟರು ಹೇಳಿದ ಪ್ರಮಾಣಕ್ಕಿಂತ ಒಂದು ಹನಿಯೂ ಹೆಚ್ಚಿರಬಾರದು. ಮೊದಲು ಹೊಟ್ಟೆ ತುಂಬಾ ನೀರು ಕುಡಿಸಿ, ಮೈ ಒಣಗುವವರೆಗೆ ಕರು ತನ್ನ ಮೈ ನೆಕ್ಕದ ಹಾಗೆ ನೋಡಿಕೊಳ್ಳಿ. ಕಿವಿಯ ಒಳಗೆ, ಬಾಲದ ಬುಡ, ತೊಡೆಸಂದು, ಗಂಗೆದೊಗಲಿನ ಮಡಿಕೆಗಳಲ್ಲೇ ಉಣ್ಣೆ ಅಡಗುವುದು.

ಲಸಿಕೆಯನ್ನು ಕರು ಸುಧಾರಿಸಿಕೊಂಡ ಮೇಲೆ, ಎರಡನೇ ವಾರದ ಹೊತ್ತಿಗೆ ಡಾಕ್ಟರನ್ನು ಕೇಳಿ ಹಾಕಿಸಿ. ಬಳಲಿದ ಮೈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಕಾಲುಬಾಯಿ ಜ್ವರದ್ದು ನಾಲ್ಕು ತಿಂಗಳಿಗೆ ಮೊದಲನೆಯದು, ತಿಂಗಳ ನಂತರ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಗಳಲೆ ರೋಗ, ಚಪ್ಪೆ ಬೇನೆಯದ್ದು ಆರು ತಿಂಗಳು ತುಂಬಿದ ಮೇಲೆ ಮಳೆಗಾಲಕ್ಕೆ ಮುಂಚೆ. ಕಂದು ರೋಗದ, ಅಂದರೆ ಬ್ರುಸೆಲ್ಲಾ ಲಸಿಕೆ ಹೆಣ್ಣು ಕರುವಿಗೆ ಮಾತ್ರ, 4ರಿಂದ 8 ತಿಂಗಳೊಳಗೆ, ಜೀವನದಲ್ಲಿ ಒಂದೇ ಸಲ. ಆ ಗಡುವು ದಾಟಿದರೆ ಮತ್ತೆ ಅವಕಾಶ ಇಲ್ಲ, ಹಾಗಾಗಿ ಆರೇಳು ತಿಂಗಳ ಕರು ತಂದವರು ಮೊದಲು ಇದನ್ನೇ ವಿಚಾರಿಸಿ. ಕಾಲುಬಾಯಿ ಮತ್ತು ಬ್ರುಸೆಲ್ಲಾ ಲಸಿಕೆಗಳು 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ. ಮಿಶ್ರತಳಿಗಳಿಗೆ ಥೈಲೇರಿಯಾ ಲಸಿಕೆಯೂ ಇದೆ, ಎಲ್ಲ ಕಡೆ ಸಿಗುವುದಿಲ್ಲ.

ಕೊಂಬು ಸುಡಿಸುವುದು, ಹೋರಿಯಾದರೆ ಬೀಜ ಒಡೆಸುವುದು, ಮೂಗುದಾರ ಇವೆಲ್ಲ ತಿಂಗಳು ಕಳೆದ ಮೇಲೆ.

ಹಾಲು ಕುಡಿಯುವ ಕರುವೇ ಬಂದುಬಿಟ್ಟರೆ

ಒಮ್ಮೊಮ್ಮೆ ಬೇಡ ಅಂದರೂ ಬರುತ್ತವೆ. ನೆಂಟರ ಮನೆಯಲ್ಲಿ ತಾಯಿ ಸತ್ತ ಕರು, ಹೀಗೆ. ಬಂದ ಮೊದಲ ಹೊತ್ತಿಗೆ ಹಾಲಿನ ಬದಲು ಉಗುರುಬೆಚ್ಚಗಿನ ಎಲೆಕ್ಟ್ರೋಲೈಟ್ ನೀರು, ಮುಂದಿನ ಹೊತ್ತಿಗೆ ಹಾಲು. ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಪಾಲು, 30 ಕೆ.ಜಿ. ಇದ್ದರೆ 3 ಲೀಟರ್, ಮೂರು ಹೊತ್ತಿಗೆ ಹಂಚಿ. ಹಾಲು ಪ್ರತಿ ಸಲ ಒಂದೇ ಬಿಸಿ, ಒಂದೇ ಹೊತ್ತು, ಒಂದೇ ಪಾತ್ರೆ. ಭೇದಿಯಾದರೆ ಹಾಲು ಪೂರ್ತಿ ನಿಲ್ಲಿಸುವುದು ಹಳೆಯ ತಪ್ಪು, ಕರು ಶಕ್ತಿ ಇಲ್ಲದೆ ಸಾಯುತ್ತದೆ. ಹಾಲು ಕೊಡುತ್ತಲೇ ಎರಡು ಹೊತ್ತಿನ ನಡುವೆ ಎಲೆಕ್ಟ್ರೋಲೈಟ್ ಕೊಡಿ, ಎದ್ದು ನಿಲ್ಲಲಾರದಾದರೆ ಡ್ರಿಪ್ ಬೇಕು.

ಕೆಲಸದ ಸರದಿ, ಸೇರಿಸುವ ದಿನ

ಈ 21 ದಿನ ಮೊದಲು ಮನೆಯ ದನದ ಕೆಲಸ, ಕೊನೆಗೆ ಹೊಸ ಕರುವಿನದ್ದು. ತಿರುಗಾಮುರುಗಾ ಬೇಡ. ಅಲ್ಲಿಗೆ ಬೇರೆ ಚಪ್ಪಲಿ ಇಡಿ, ಬಂದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯಿರಿ. ಕರುವಿನ ಮೈಯ ಹುಳುಕಡ್ಡಿ ಮಕ್ಕಳ ಕೈಗೂ ಹತ್ತುತ್ತದೆ. ದಿನಾ ಸಂಜೆ ಹತ್ತು ನಿಮಿಷ ಒಳಗೆ ಸುಮ್ಮನೆ ಕೂರಿ, ಹಿಡಿಯಲು ಹೋಗಬೇಡಿ. ಅದೇ ಹತ್ತಿರ ಬಂದು ಮೂಸುತ್ತದೆ, ಪಂಚೆ ಜಗಿಯುತ್ತದೆ. ಆಮೇಲೆ ಗಂಗೆದೊಗಲು ಕೆರೆಯಿರಿ, ಹೆಸರಿಟ್ಟು ಕರೆಯಿರಿ. ಮುಂದೆ ಕೆಚ್ಚಲು ಮುಟ್ಟಿಸಿಕೊಳ್ಳುವ ಹಸು ಆಗುವುದು ಈ ಸಂಜೆಗಳಿಂದ. ಹತ್ತನೇ ದಿನದ ಮೇಲೆ ಹಗಲು ಹೊತ್ತು ಕಣ್ಣಿ ಹಾಕಿ ಕಟ್ಟುವುದು ರೂಢಿಸಿ, ನೀವು ಎದುರಿಗಿರುವಾಗ ಮಾತ್ರ.

ಮೂರು ವಾರ ಜ್ವರವಿಲ್ಲದೆ, ಕೆಮ್ಮಿಲ್ಲದೆ, ಸಗಣಿ ಗಟ್ಟಿಯಾಗಿ ಕಳೆದರೆ ಮತ್ತೆ ಟೇಪು ಹಿಡಿಯಿರಿ. ಬಂದ ದಿನದ ತೂಕಕ್ಕಿಂತ ಏರಿರಬೇಕು. ಏರಿಲ್ಲದಿದ್ದರೆ ಸೇರಿಸಬೇಡಿ, ಕಾರಣ ಹುಡುಕಿ. ಏರಿದ್ದರೆ ಬೆಳಗಿನ ಹೊತ್ತು, ಎಲ್ಲದಕ್ಕೂ ಮೇವು ಹಾಕಿದ ಮೇಲೆ, ಎರಡೂ ಕರುಗಳನ್ನು ಒಟ್ಟಿಗೆ ಒಳಗೆ ಬಿಡಿ. ಪ್ರಾಯದಲ್ಲಿ ಸಮ ಇರುವ ಕರುಗಳ ಜೊತೆ ಮೊದಲು, ಕೊಂಬಿನ ಹಸುಗಳ ಹತ್ತಿರ ಆಮೇಲೆ. ಸ್ವಲ್ಪ ಗುದ್ದಾಟ ಇರುತ್ತದೆ. ನಮ್ಮ ಮುದಿ ಹಸುವೊಂದು ಪ್ರತಿ ಹೊಸ ಕರುವನ್ನೂ ಗೋಡೆವರೆಗೆ ಅಟ್ಟಿಸಿಕೊಂಡು ಹೋಗಿ, ಆಮೇಲೆ ಅದರ ಕಿವಿ ನೆಕ್ಕಲು ಶುರು ಮಾಡುತ್ತದೆ. ನೆಕ್ಕಲು ಶುರು ಮಾಡಿತೆಂದರೆ ನಾನು ನೋಟ್‌ಬುಕ್ಕಿನಲ್ಲಿ ಆ ಕರುವಿನ ಪುಟಕ್ಕೆ ಗೆರೆ ಎಳೆದು, ಬೇರೆ ಇಟ್ಟಿದ್ದ ಬಕೆಟ್ಟು ಪೊರಕೆಗಳನ್ನು ಸೋಡಾ ನೀರಿಗೆ ಹಾಕುತ್ತೇನೆ.